ಮುಂದಿನ ಚಕ್ರದ 80 ಕಿಲೋ: ಒಂದು ಟ್ರೇಲರಿಗೆ ಭಾರ ಹಂಚುವ ಹಿಚ್ ಕೂರಿಸಿದ ಪ್ರಕರಣ

ಇದು ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಆಚೆ ಈಚೆ ಎಲ್ಲೋ ನಡೆದದ್ದು. ಹಿಚ್ ಎಂದರೆ ಎಳೆಯುವ ಗಾಡಿಗೆ ಟ್ರೇಲರನ್ನು ಸಿಕ್ಕಿಸುವ ಜೋಡಣೆ. ಯಾರ ಹೆಸರೂ ಇಲ್ಲ, ಗಾಡಿಯ ಕಂಪನಿಯ ಹೆಸರೂ ಇಲ್ಲ. ಇರುವುದು ಮೂರೇ ಜನ: ಯಜಮಾನರು, ಅವರ ಅಳಿಯ, ಮತ್ತೆ ಗ್ಯಾರೇಜಿನವನಾದ ನಾನು. ಮೊದಲ ತಪ್ಪು ನನ್ನದೇ ಆದ್ದರಿಂದ ಅದನ್ನು ಮುಚ್ಚಿಡದೆ ಬರೆಯುತ್ತೇನೆ.

ಯಜಮಾನರದ್ದು ಅಡಿಕೆ ತೋಟ. ತಿರುಗುವ ಆಸೆ ಅವರಿಗೆ ಮೊದಲಿನಿಂದಲೂ ಉಂಟು, ಆದರೆ ಹೋಟೆಲಿನ ಊಟ ಆಗದು, ಹಾಸಿಗೆಯೂ ಆಗದು. 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸದ ನೀತಿ ತಂದಾಗ ಪೇಪರಿನಲ್ಲಿ ಬಂದ ಫೋಟೋಗಳು ಅವರ ತಲೆಗೆ ಹುಳ ಬಿಟ್ಟವು. ಕೊನೆಗೆ ಹೊರಗಿನ ಒಂದು ಶೆಡ್ಡಿನಲ್ಲಿ ಟ್ರೇಲರ್ ಕಟ್ಟಿಸಿದರು. ಒಂದೇ ಆಕ್ಸಲ್, ಎರಡು ಹಾಸಿಗೆ, ಒಂದು ಪುಟ್ಟ ಅಡುಗೆಕಟ್ಟೆ, ಎಲೆಕ್ಟ್ರಿಕ್ ಬ್ರೇಕ್. ಸಾಮಾನು ತುಂಬಿದ ಮೇಲೆ 1,600 ಕಿಲೋ. ಎಳೆಯಲಿಕ್ಕೆ ಡಬಲ್ ಕ್ಯಾಬ್ ಪಿಕಪ್. ಆರ್‌ಟಿಒ ಕಾಗದಪತ್ರದ್ದು ಬೇರೆಯೇ ಒಂದು ಪುರಾಣ, ಅದು ಮುಗಿದ ಮೇಲಿನ ಕಥೆ ಇದು.

ಮೊದಲ ರಾತ್ರಿ ಓಡಿಸಿದಾಗಲೇ ದೂರು ಬಂತು. ಎದುರಿನಿಂದ ಬಂದವರೆಲ್ಲ ಲೈಟು ಹೊಡೆದು ಬೈದು ಹೋಗುತ್ತಾರೆ ಎಂದರು. ನಾನು ಹೋಗಿ ನೋಡಿದೆ. ಟ್ರೇಲರ್ ಸಿಕ್ಕಿಸಿದ ಕೂಡಲೇ ಪಿಕಪ್ಪಿನ ಹಿಂಭಾಗ ಕೂತು ಮುಂಭಾಗ ಏಳುತ್ತಿತ್ತು. ಹಿಂದಿನ ಮಡ್‌ಗಾರ್ಡಿನ ಕಮಾನು 40 ಮಿಲಿಮೀಟರ್ ಕೆಳಗೆ, ಮುಂದಿನದ್ದು 15 ಮಿಲಿಮೀಟರ್ ಮೇಲೆ. ಇಷ್ಟು ಓರೆಯಾದರೆ 50 ಮೀಟರ್ ದೂರದಲ್ಲಿ ಹೆಡ್‌ಲೈಟಿನ ಬೆಳಕು ಮುಕ್ಕಾಲು ಮೀಟರಿಗಿಂತ ಜಾಸ್ತಿ ಮೇಲೆ ಹೋಗುತ್ತದೆ. ಬೈಯದೆ ಇರುತ್ತಾರಾ?

"ಸ್ಟಿಯರಿಂಗ್ ಸ್ವಲ್ಪ ಹಗುರ ಆದ ಹಾಗೆ ಉಂಟು ಮಾರಾಯ," ಎಂದೂ ಅವರು ಹೇಳಿದ್ದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದೆ ಕೂತಿದೆ, ಎತ್ತಿದರೆ ಆಯಿತು ಎಂದು ಎರಡೂ ಕಡೆ ಒಂದೊಂದು ಲೀಫ್ ಪ್ಲೇಟ್ ಜಾಸ್ತಿ ಹಾಕಿದೆ. ನಮ್ಮಲ್ಲಿ ಕೆಂಪುಕಲ್ಲು ಹೊರುವ ಪಿಕಪ್ಪುಗಳಿಗೆ ದಿನಾ ಮಾಡುವ ಕೆಲಸವೇ ಅದು. ಗಾಡಿ ಸಪಾಟಾಗಿ ನಿಂತಿತು, ಲೈಟು ರಸ್ತೆಗೆ ಇಳಿಯಿತು. ಯಜಮಾನರು ಖುಷಿಯಲ್ಲಿ ಒಂದು ಗೊನೆ ಕದಳಿ ಬಾಳೆಹಣ್ಣು ಕಳಿಸಿದರು.

ಗೊನೆ ಮುಗಿಯುವ ಮೊದಲೇ ಫೋನು ಬಂತು. ತುಲಾ ತಿಂಗಳ ಸಂಜೆ ಮಳೆ. ಮುಳ್ಳೇರಿಯ ದಾಟಿ ಜಾಲ್ಸೂರಿನ ಕಡೆ ಹೋಗುವಾಗ ಇಳಿಜಾರಿನಲ್ಲಿ ಒಂದು ಎಡ ತಿರುವು. ಸ್ಟಿಯರಿಂಗ್ ತಿರುಗಿಸಿದ್ದಾರೆ, ಗಾಡಿ ತಿರುಗಲಿಲ್ಲ. ನೇರ ಜಾರಿ ಮಧ್ಯದ ಗೆರೆ ದಾಟಿ ಎದುರು ಬದಿಗೆ ಹೋಗಿದೆ. ಪುಣ್ಯಕ್ಕೆ ಆಗ ಬಸ್ಸು ಬರಲಿಲ್ಲ. ವೇಗ ಎಷ್ಟಿತ್ತು ಎಂದು ಕೇಳಿದರೆ, "ನಲವತ್ತು ಇರಬಹುದು. ಈ ವಯಸ್ಸಿಗೆ ಅದಕ್ಕಿಂತ ಜಾಸ್ತಿ ಎಲ್ಲಿ ಓಡಿಸುವುದು!" ಎಂದರು.

ಟಯರು ಹೊಸದು, ಗಾಳಿ ಸರಿ, ಬ್ರೇಕು ಸರಿ. ಅದೇ ವಾರ ಅಳಿಯ ರಜೆಯಲ್ಲಿ ಬಂದಿದ್ದರು. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಅಲ್ಲಿ ಇಂಥದ್ದೇ ಟ್ರೇಲರ್ ಎಳೆದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ಆಕ್ಸಲಿನ ತೂಕ ಎಷ್ಟು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎತ್ತರ ಅಳೆದಿದ್ದೆ, ತೂಕ ಹಾಕಿರಲಿಲ್ಲ.

ಮರುದಿನ ಕಲ್ಲಿನ ಲಾರಿಗಳು ಹೋಗುವ ವೇಬ್ರಿಡ್ಜಿಗೆ ಹೋದೆವು. ಅಲ್ಲಿಯ ಹುಡುಗ ಟ್ರೇಲರ್ ನೋಡಿ, "ಮನೆಯನ್ನೇ ತೂಕ ಮಾಡ್ಲಿಕ್ಕೆ ತಂದದ್ದಾ?" ಎಂದು ನಕ್ಕ. ಅದು ಗುಂಡಿಯೊಳಗೆ ಕೂರಿಸಿದ ವೇಬ್ರಿಡ್ಜ್, ಹಲಗೆ ನೆಲಕ್ಕೆ ಸಮ. ನಮಗೆ ಬೇಕಾದದ್ದೂ ಅಂಥದ್ದೇ. ದಿಣ್ಣೆ ಹತ್ತಿ ನಿಲ್ಲಿಸಬೇಕಾದಲ್ಲಿ ಆಕ್ಸಲ್ ಬಿಡಿಬಿಡಿಯಾಗಿ ತೂಗಿದರೆ ಲೆಕ್ಕ ತಪ್ಪುತ್ತದೆ. ಮೊದಲು ಮುಂದಿನ ಚಕ್ರ ಮಾತ್ರ ಹಲಗೆಯ ಮೇಲೆ. ಆಮೇಲೆ ಪಿಕಪ್ಪಿನ ನಾಲ್ಕೂ ಚಕ್ರ. ಕೊನೆಗೆ ಟ್ರೇಲರಿನ ಚಕ್ರ ಮಾತ್ರ. ಯಂತ್ರ 10 ಕಿಲೋ ಮೆಟ್ಟಿಲಿನಲ್ಲಿ ತೋರಿಸುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಪಿಕಪ್ ಒಂದೇ ಇರುವಾಗ, ಜನ ಕೂತು, ಮುಂದೆ 1,140, ಹಿಂದೆ 960. ಟ್ರೇಲರ್ ಸಿಕ್ಕಿಸಿದ ಮೇಲೆ ಮುಂದೆ 1,060, ಹಿಂದೆ 1,240, ಟ್ರೇಲರಿನ ಆಕ್ಸಲ್ 1,400. ಅಂದರೆ ಮುಂದಿನ ಚಕ್ರಗಳಿಂದ 80 ಕಿಲೋ ಮಾಯ. ನಾನು ಹಾಕಿದ ಪ್ಲೇಟು ಗಾಡಿಯಲ್ಲೇ ಇತ್ತು, ಗಾಡಿ ನೋಡಲಿಕ್ಕೆ ಸಪಾಟಾಗಿಯೇ ಇತ್ತು. ಅಂಗಳಕ್ಕೆ ಬಂದು ಪ್ಲೇಟು ಬಿಚ್ಚಿ ಮತ್ತೆ ಹೋಗಿ ತೂಗಿದೆವು. ಆಗಲೂ ಮುಂದೆ 1,060. ಒಂದು ಮೆಟ್ಟಿಲೂ ಬದಲಾಗಲಿಲ್ಲ.

ನನಗೆ ನಾಚಿಕೆಯಾಯಿತು. ಇದು ಸೈಕಲಿನ ಲೆಕ್ಕ ಅಲ್ವಾ! ಕ್ಯಾರಿಯರಿನ ತುದಿಗೆ ಅಡಿಕೆ ಗೋಣಿ ಕಟ್ಟಿದರೆ ಮುಂದಿನ ಚಕ್ರ ಏಳುತ್ತದೆ. ಹಿಂದಿನ ಚಕ್ರದ ಅಡಿಗೆ ಕಲ್ಲಿಟ್ಟರೆ ಸೈಕಲು ನೆಟ್ಟಗೆ ಕಂಡೀತು, ಗೋಣಿ ಮಾತ್ರ ಇದ್ದಲ್ಲೇ ಇರುತ್ತದೆ. ನಾನು ಇಟ್ಟ ಪ್ಲೇಟು ಆ ಕಲ್ಲು. ಮೊದಲು ಬೆಳಕಾದರೂ ಎಚ್ಚರಿಸುತ್ತಿತ್ತು, ನಾನು ಅದನ್ನೂ ಮುಚ್ಚಿಬಿಟ್ಟಿದ್ದೆ.

ಇಲ್ಲಿ ಒಂದು ಮಾತು. ಟ್ರೇಲರಿನ ಮೂತಿ ಕೂರುವುದು ಪಿಕಪ್ಪಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ, ಅದಕ್ಕೆ ಬಾಲು ಎನ್ನುತ್ತೇವೆ. ಮೂತಿ ಆ ಬಾಲಿನ ಮೇಲೆ ಒತ್ತುವ ಭಾರವನ್ನು ನಾವು, ಎತ್ತಿನ ಗಾಡಿಯ ಮುಂಚಾಚಿದ ಮರದ ಹೆಸರಿನಲ್ಲಿ, ಮೂಕಿ ಭಾರ ಎಂದೇ ಕರೆದೆವು. ಎತ್ತಿನ ಗಾಡಿಗೆ ಹೇರುವ ಹಿರಿಯರಿಗೆ ಅದು ಗೊತ್ತಿದ್ದ ಸಂಗತಿ. ಮೂಕಿ ಭಾರವಾದರೆ ಎತ್ತಿನ ಹೆಗಲು ಹೋಗುತ್ತದೆ, ಹಿಂದೆ ಭಾರವಾದರೆ ನೊಗವೇ ಮೇಲೆ ಹಾರುತ್ತದೆ. ನಮ್ಮದರಲ್ಲಿ ಮೂಕಿ ಭಾರ 200 ಕಿಲೋ, ಟ್ರೇಲರಿನ ತೂಕದ ನೂರಕ್ಕೆ ಹನ್ನೆರಡೂವರೆ. ಈ ಬಗೆಯ ಟ್ರೇಲರಿಗೆ ಅಮೆರಿಕದವರು ಹೇಳುವುದು ನೂರಕ್ಕೆ 10ರಿಂದ 15. ಹಾಗಾಗಿ ಭಾರ ಸರಿಯೇ ಇತ್ತು. ಬಾಲು ಹಿಂದಿನ ಆಕ್ಸಲಿನಿಂದ 1.25 ಮೀಟರ್ ಹಿಂದೆ, ಎರಡು ಆಕ್ಸಲುಗಳ ನಡುವೆ 3.1 ಮೀಟರ್. 200ನ್ನು 1.25ರಿಂದ ಗುಣಿಸಿ 3.1ರಿಂದ ಭಾಗಿಸಿ. 80 ಕಿಲೋ ಎಲ್ಲಿ ಹೋಯಿತು ಎಂದು ಗೊತ್ತಾಗುತ್ತದೆ.

ಅಳಿಯನ ಹತ್ತಿರ ಭಾರ ಹಂಚುವ ಹಿಚ್ ಒಂದಿತ್ತು. ಅಲ್ಲಿಂದ ಬರುವಾಗ ಬಿಚ್ಚಿ ಪ್ಯಾಕ್ ಮಾಡಿ ತಂದದ್ದು. ಅದು ಕೆಲಸ ಮಾಡುವ ರೀತಿ ಕೈಗಾಡಿಯ ಹಾಗೆ. ಕೈಗಾಡಿಯ ಹಿಡಿ ಎತ್ತಿದರೆ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ ಅಲ್ವಾ? ಇಲ್ಲಿ ಹಿಡಿಯ ಬದಲು ಎರಡು ಸ್ಪ್ರಿಂಗ್ ಬಾರುಗಳು, ಅಂದರೆ ಬಾಗುವ ಉಕ್ಕಿನ ಸರಳುಗಳು. ಬಾಲನ್ನು ಹೊತ್ತಿರುವ ಹಿಚ್ಚಿನ ತಲೆಯಿಂದ ಹಿಂದಕ್ಕೆ, ಟ್ರೇಲರಿನ ಮೂಕಿಯ ಉದ್ದಕ್ಕೂ ಬರುತ್ತವೆ. ಅವುಗಳ ತುದಿಯನ್ನು ಚೈನಿನಿಂದ ಮೇಲಕ್ಕೆ ಜಗ್ಗಿ ಟ್ರೇಲರಿನ ಬ್ರಾಕೆಟ್ಟಿಗೆ ಸಿಕ್ಕಿಸಿದರೆ ಬಾರು ಬಾಗುತ್ತದೆ, ಪಿಕಪ್ಪಿನ ಹಿಂಭಾಗವನ್ನು ಎತ್ತಿ ಮುಂದಕ್ಕೆ ಒತ್ತುತ್ತದೆ. ಭಾರ ಕಡಿಮೆಯಾಗುವುದಿಲ್ಲ. ಸ್ವಲ್ಪ ಮುಂದಿನ ಆಕ್ಸಲಿಗೆ, ಸ್ವಲ್ಪ ಟ್ರೇಲರಿನ ಆಕ್ಸಲಿಗೆ ಹೋಗುತ್ತದೆ ಅಷ್ಟೆ. ಹಾಗಾಗಿ ಗಾಡಿ ಎಳೆಯಬಹುದಾದ ತೂಕದ ಮಿತಿಯೂ ಇದರಿಂದ ಏರುವುದಿಲ್ಲ. ತಳ್ಳಿದಾಗ ಹಿಡಿಯುವ ಓವರ್‌ರನ್ ಬ್ರೇಕಿನ ಟ್ರೇಲರಿಗೆ ಇಂಥ ಹಿಚ್ ಸಾಮಾನ್ಯವಾಗಿ ಹೊಂದುವುದಿಲ್ಲ, ಬಾರಿನ ಬಿಗಿತ ಬ್ರೇಕಿನ ಆಟಕ್ಕೆ ಅಡ್ಡ ಬರುತ್ತದೆ. ನಮ್ಮದು ಎಲೆಕ್ಟ್ರಿಕ್ ಆದ್ದರಿಂದ ಆ ತಲೆನೋವು ಇರಲಿಲ್ಲ.

ತಲೆನೋವು ಬೇರೆ ಕಡೆ ಇತ್ತು. ಪಿಕಪ್ಪಿನ ಹಿಂದೆ ಯಾರೋ ಕೂರಿಸಿದ್ದ, ಹಿಚ್ಚನ್ನು ತೂರಿಸುವ ಪೆಟ್ಟಿಗೆ ಬರೀ ಎಳೆಯಲಿಕ್ಕೆ ಮಾಡಿದ್ದು, ಹಿಂದಿನ ಅಡ್ಡಪಟ್ಟಿಗೆ ಬೋಲ್ಟ್ ಹಾಕಿದ್ದು. ಎಳೆಯುವುದು ಬೇರೆ, ತಿರುಚುವುದು ಬೇರೆ. ಬಾರು ಬಿಗಿದಾಗ ಆ ಪೆಟ್ಟಿಗೆಯನ್ನು ಮೀಟುಗೋಲಿನ ಹಾಗೆ ಮೇಲಕ್ಕೆ ತಿರುಚುತ್ತದೆ. ಅದನ್ನು ತೆಗೆದು, ಚಾಸಿಯ ಎರಡೂ ಉದ್ದಪಟ್ಟಿಗಳಿಗೆ ಬೋಲ್ಟ್ ಆಗುವ, ಭಾರ ಹಂಚುವ ಹಿಚ್ಚಿಗೆಂದೇ ತಾಕತ್ತು ಬರೆದಿರುವ ಪೆಟ್ಟಿಗೆ ತರಿಸಿದೆವು. ಎಲ್ಲಕ್ಕಿಂತ ಜಾಸ್ತಿ ದುಡ್ಡು ಖರ್ಚಾದದ್ದು ಇದಕ್ಕೇ. ಯಜಮಾನರು ಮುಖ ಕಿವುಚಿದರು, ಆದರೂ ಕೊಟ್ಟರು.

ಕೂರಿಸುವ ಕೆಲಸ ಅಡಿಕೆ ಒಣಗಿಸುವ ಅಂಗಳದಲ್ಲಿ. ಡಿಸೆಂಬರ್, ಅಂಗಳದಲ್ಲಿ ಆಗಲೇ ಅಡಿಕೆ ಬಿದ್ದಿತ್ತು. ಒಂದು ಬದಿಗೆ ಒತ್ತಿ ಜಾಗ ಮಾಡಿದೆವು. ನೀರಿನ ಪೈಪಿನಲ್ಲಿ ಲೆವೆಲ್ ನೋಡಿದೆವು. ಟ್ರೇಲರನ್ನು ಒಂದೇ ಸಪಾಟಾಗಿ ನಿಲ್ಲಿಸಿ, ಮೂತಿಯಲ್ಲಿ ಬಾಲನ್ನು ಹಿಡಿಯುವ ಕಪ್ಲರಿನ ಎತ್ತರ ಅಳೆದು, ಬಾಲನ್ನು ಅದಕ್ಕಿಂತ ಒಂದು ಇಂಚು ಮೇಲೆ ಇಟ್ಟೆವು, ಭಾರ ಬಿದ್ದಾಗ ಇಳಿಯುತ್ತದಲ್ಲ. ಟ್ರೇಲರ್ ಸಿಕ್ಕಿಸುವ ಮೊದಲು ಪಿಕಪ್ಪಿನ ಮುಂದಿನ ಕಮಾನು 885 ಮಿಲಿಮೀಟರ್, ಹಿಂದಿನದ್ದು 905. ಗೋಡೆಗೆ ಸೀಮೆಸುಣ್ಣದಲ್ಲಿ ಬರೆದೆ.

ಇನ್ನು ಬಾರು ಬಿಗಿಯುವುದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಕೈ ಮುರಿದುಕೊಳ್ಳುವುದು ಇಲ್ಲೇ. ಕಪ್ಲರ್ ಬಾಲಿನ ಮೇಲೆ ಕೂತು ಲಾಕ್ ಆದ ಮೇಲೆ, ಟ್ರೇಲರಿನ ಮೂತಿಯ ಜಾಕನ್ನು ತಿರುಗಿಸುತ್ತಾ ಹೋಗಬೇಕು. ಟ್ರೇಲರಿನ ಮೂತಿ, ಪಿಕಪ್ಪಿನ ಹಿಂಭಾಗ ಎರಡೂ ಒಟ್ಟಿಗೆ ಏಳುತ್ತವೆ. ಸಾಕಷ್ಟು ಎದ್ದಾಗ ಬಾರು ಸಡಿಲ. ಆಗ ಚೈನಿನ ಕೊಂಡಿಯನ್ನು ಬ್ರಾಕೆಟ್ಟಿಗೆ ಹಾಕಿ, ಪೈಪಿನಿಂದ ಮೇಲಕ್ಕೆ ಮಗುಚಿ, ಪಿನ್ ತೂರಿಸುವುದು. ಜಾಕು ಎತ್ತದೆ ಬರೀ ಪೈಪಿನ ಜೋರಿನಲ್ಲಿ ಮಗುಚಲಿಕ್ಕೆ ಹೋದರೆ ಪೈಪು ಕತ್ತೆ ಒದ್ದ ಹಾಗೆ ವಾಪಸು ಬರುತ್ತದೆ. ನಾನು ಒಂದು ಸಲ ಹಾಗೆ ಮಾಡಿದೆ. ಪೈಪು ಕೈತಪ್ಪಿ ಅಡಿಕೆ ರಾಶಿಗೆ ಹೋಗಿ ಬಿತ್ತು. ಮುಖ ಸ್ವಲ್ಪ ಬದಿಗಿತ್ತು, ಬದುಕಿದೆ.

ಆದರೆ ಅಳಿಯನ ಬಾರುಗಳು ಅವರ ಹಳೆಯ ದೊಡ್ಡ ಟ್ರೇಲರಿನವು, 1,000 ಪೌಂಡಿನವು, ಅಂದರೆ ಸುಮಾರು 450 ಕಿಲೋ ತಾಕತ್ತಿನವು. ನಮ್ಮ ಮೂಕಿ ಭಾರ 200. "ಜಾಸ್ತಿ ಗಟ್ಟಿ ಇದ್ದರೆ ಒಳ್ಳೆಯದೇ ಅಲ್ವಾ?" ಎಂದರು ಯಜಮಾನರು. ಅಳಿಯ, "ಸ್ವಲ್ಪ ಜಾಸ್ತಿಯೇ ಆಯಿತು ಮಾವ," ಎಂದು ರಾಗ ಎಳೆದರು. ನನಗೂ ಅನುಮಾನ ಇತ್ತು, ಆದರೆ ಕೈಯಲ್ಲಿ ಇದ್ದದ್ದು ಅದೇ. ಬಿಗಿದೆವು. ಮುಂದಿನ ಕಮಾನು 878ಕ್ಕೆ ಇಳಿಯಿತು, ಟ್ರೇಲರ್ ಇಲ್ಲದಾಗಿನದಕ್ಕಿಂತಲೂ ಕೆಳಗೆ. ವೇಬ್ರಿಡ್ಜಿನಲ್ಲಿ ಮುಂದೆ 1,180, ಹಿಂದೆ 1,030, ಟ್ರೇಲರ್ 1,490.

ಇಲ್ಲಿ ನಿಲ್ಲಿಸಬೇಕಿತ್ತು. ಮುಂದಕ್ಕೆ ಹೋದದ್ದು 120, ಕಳೆದದ್ದು 80. ಅಷ್ಟೂ ಮರಳಿಸಲೇಬೇಕೆಂದಿಲ್ಲ, ಅರ್ಧ ಮರಳಿದರೆ ಸಾಕು ಎಂದು ಅಮೆರಿಕದ ಕೆಲವು ಗಾಡಿಗಳ ಕೈಪಿಡಿಯಲ್ಲೇ ಉಂಟು. ಜಾಸ್ತಿ ಮರಳಿಸಿದರೆ ಹಿಂದಿನ ಚಕ್ರದ ಹಿಡಿತ ಕಡಿಮೆಯಾಗಿ, ಒಂದೂವರೆ ಟನ್ನಿನ ಟ್ರೇಲರ್ ತಿರುವಿನಲ್ಲಿ ಹಿಂಭಾಗವನ್ನು ತಳ್ಳಬಹುದು. ಅಳಿಯ ಇದನ್ನು ಹೇಳಿಯೂ ಹೇಳಿದರು. ಆದರೆ ಯಜಮಾನರು ಚೆರ್ಕಳದವರೆಗೆ ಓಡಿಸಿ ಬಂದು, "ಈಗ ರೈಲಿನ ಹಾಗೆ ಹೋಗ್ತದೆ," ಎಂದು ಮೀಸೆ ತಿರುವಿದರು. ಆ ಖುಷಿಗೆ ಅಡ್ಡ ಹೇಳಲಿಕ್ಕೆ ಮನಸ್ಸು ಬರಲಿಲ್ಲ. ರಜೆ ಮುಗಿಯಿತು, ಅಳಿಯ ಹೊರಟರು.

ಎಡವಟ್ಟು ಆದದ್ದು ಹೈವೇಯಲ್ಲಿ ಅಲ್ಲ, ಮನೆಯ ಗೇಟಿನ ಎದುರು. ತೋಟದ ಮನೆಗಳ ದಾರಿ ಗೊತ್ತಲ್ಲ. ಟಾರು ರಸ್ತೆ ಬಿಟ್ಟ ಕೂಡಲೇ ನೀರು ಹೋಗುವ ಕಣಿ, ಕಣಿ ದಾಟಿದ ಕೂಡಲೇ ಏರು. ಪಿಕಪ್ಪು ಏರು ಹತ್ತಲಿಕ್ಕೆ ಶುರು ಮಾಡಿದೆ, ಟ್ರೇಲರ್ ಇನ್ನೂ ರಸ್ತೆಯಿಂದ ಇಳಿಯುತ್ತಾ ಇದೆ. ನಡುವೆ ಬಾಲು ಕಣಿಯ ಮೇಲೆ ತಗ್ಗಿನಲ್ಲಿ. ಆಗ ಬಾರುಗಳು ಅಳತೆ ಮೀರಿ ಬಾಗಿ, ಪಿಕಪ್ಪಿನ ಹಿಂಭಾಗವನ್ನೇ ಎತ್ತಿಬಿಟ್ಟವು. ಹಿಂದಿನ ಚಕ್ರಗಳು ಜಲ್ಲಿ ಹಾರಿಸುತ್ತಾ ಸುಮ್ನೆ ತಿರುಗಿದವು. ಯಜಮಾನರು ಆಕ್ಸಲರೇಟರ್ ಇನ್ನೂ ಒತ್ತಿದರು. ಟಣ್ ಎಂದು ಒಂದು ಶಬ್ದ. ಎಡಬದಿಯ ಬ್ರಾಕೆಟ್ ಬಾಗಿತ್ತು.

ನಾನು ಹೋಗಿ ಜಾಕು ಎತ್ತಿ ಬಾರು ಕಳಚಿದೆ. ಗಾಡಿ ಏನೂ ಆಗದ ಹಾಗೆ ಏರು ಹತ್ತಿತು.

ಆ ಬಾರುಗಳನ್ನೇ ತೆಳು ಮಾಡಿ ಕೊಡುತ್ತೇನೆ ಎಂದು ನಮ್ಮ ಪರಿಚಯದ ವೆಲ್ಡಿಂಗಿನವರು ಮುಂದೆ ಬಂದರು. ಗ್ರೈಂಡರಿನಲ್ಲಿ ಸವೆಸಿದರೆ ಆಯಿತಂತೆ. ಯಜಮಾನರು ಅರ್ಧ ಒಪ್ಪಿಯೂ ಬಿಟ್ಟಿದ್ದರು. ನಾನು ಜಗಳಕ್ಕೇ ನಿಂತೆ. ಅದು ಸ್ಪ್ರಿಂಗ್ ಉಕ್ಕು, ಹದ ಕೊಟ್ಟು ಮಾಡಿದ್ದು. ಕಾದರೆ ಹದ ಹೋಗುತ್ತದೆ, ಗೀರು ಬಿದ್ದಲ್ಲಿಂದ ಬಿರುಕು ಹುಟ್ಟುತ್ತದೆ. ರಸ್ತೆಯಲ್ಲಿ ಓಡುವಾಗ ಮುರಿದರೆ ಯಾರ ಕಾಲಿಗೆ ಬೀಳುತ್ತದೋ? ಬಾರು ಜಾಸ್ತಿ ಗಟ್ಟಿಯಾದ ವಿಷಯದಲ್ಲಿ ಸುಮ್ಮನಿದ್ದು ಒಮ್ಮೆ ಕೆಟ್ಟಿದ್ದೆ, ಈ ಸಲ ಬಿಡಲಿಲ್ಲ. ಅದೇ ತಲೆಗೆ ಹೊಂದುವ 600 ಪೌಂಡಿನ ಬಾರುಗಳನ್ನು ಅಳಿಯನ ಸ್ನೇಹಿತರೊಬ್ಬರು ಕಳಿಸಿದರು. ಸುಮಾರು 270 ಕಿಲೋ ತಾಕತ್ತು. ಮೂಕಿ ಭಾರ 200, ಅದಕ್ಕೆ ಪಿಕಪ್ಪಿನ ತೊಟ್ಟಿಯಲ್ಲಿ ಆಕ್ಸಲಿನ ಹಿಂದೆ ಇಡುವ ಸಾಮಾನು ಒಂದು 40. ಸರಿಯಾಗುತ್ತದೆ. ಬಾರು ಬರಲಿಕ್ಕೆ ಆರು ವಾರ ಹಿಡಿಯಿತು, ಅಷ್ಟರಲ್ಲಿ ಬಾಗಿದ ಬ್ರಾಕೆಟ್ಟನ್ನೂ ಬದಲಾಯಿಸಿದೆವು.

ಎರಡನೇ ಸಲ ಕೂರಿಸುವಾಗ ಅವಸರ ಮಾಡಲಿಲ್ಲ. ಬಾರಿಗೂ ಬ್ರಾಕೆಟ್ಟಿಗೂ ನಡುವೆ ಐದು ಕೊಂಡಿಯಾದರೂ ಇರಬೇಕು ಎಂದು ಕೈಪಿಡಿಯಲ್ಲಿತ್ತು, ಇಲ್ಲದಿದ್ದರೆ ತಿರುವಿನಲ್ಲಿ ಚೈನು ಬಿಗಿಯುತ್ತದೆ. ಐದು ಕೊಂಡಿ ಬಿಟ್ಟರೆ ಮುಂದೆ ಬರೀ 1,080 ಬಂತು, ಕಳೆದದ್ದರ ಕಾಲು ಭಾಗ. ಕೊಂಡಿ ಕಡಿಮೆ ಮಾಡುವ ಹಾಗಿಲ್ಲ. ಹಾಗಾದರೆ ಹಿಚ್ಚಿನ ತಲೆಯನ್ನೇ ಹಿಂದಕ್ಕೆ ಓರೆ ಮಾಡಬೇಕು. ತಲೆಯ ಒಳಗೆ ವಾಷರುಗಳಿವೆ, ಹೆಚ್ಚು ವಾಷರ್ ಹಾಕಿದಷ್ಟು ಬಾರಿನ ತುದಿ ಕೆಳಗೆ ಬಾಗುತ್ತದೆ, ಅದೇ ಐದು ಕೊಂಡಿಯಲ್ಲಿ ಜಗ್ಗುವ ಜೋರು ಜಾಸ್ತಿಯಾಗುತ್ತದೆ. ಎರಡು ವಾಷರ್ ಸೇರಿಸಿ, ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಲೆಕ್ಕಕ್ಕೆ ಬಿಗಿದು ಮತ್ತೆ ಹೋದೆವು. ಮುಂದೆ 1,110, ಹಿಂದೆ 1,150, ಟ್ರೇಲರ್ 1,440. ಕೂಡಿಸಿದರೆ 3,700, ಎಲ್ಲಾ ಸಲ ಬಂದದ್ದೂ ಅಷ್ಟೇ. ಮುಂದಿನ ಕಮಾನು 891, ಟ್ರೇಲರ್ ಇಲ್ಲದಾಗಿನದಕ್ಕಿಂತ 6 ಮಿಲಿಮೀಟರ್ ಮೇಲೆ. ಐದನೇ ಕೊಂಡಿಗೆ ಕೆಂಪು ಬಣ್ಣ ಹಚ್ಚಿದೆ.

ಅದೇ ಮುಳ್ಳೇರಿಯದ ತಿರುವಿನಲ್ಲಿ ನೆನೆದ ರಸ್ತೆಯಲ್ಲಿ ನಾನೇ ಓಡಿಸಿ ನೋಡಿದೆ. ತಿರುಗಿಸಿದಲ್ಲಿಗೆ ಗಾಡಿ ಹೋಯಿತು.

ಇಷ್ಟಾದರೂ ಒಮ್ಮೆ ಬಾಲ ಅಲ್ಲಾಡಿತು. ಮೊಮ್ಮಕ್ಕಳ ಎರಡು ಸೈಕಲುಗಳನ್ನು ಟ್ರೇಲರಿನ ಹಿಂದಿನ ಗೋಡೆಗೆ ನೇತು ಹಾಕಿ, ನೀರಿನ ಟ್ಯಾಂಕಿಗೆ 80 ಲೀಟರ್ ತುಂಬಿಸಿ ಬೇಕಲಕ್ಕೆ ಹೊರಟಿದ್ದರು. ಟ್ಯಾಂಕಿರುವುದು ಆಕ್ಸಲಿನ ಹಿಂದೆ. ಅರುವತ್ತು ದಾಟಿದ ಕೂಡಲೇ ಟ್ರೇಲರ್ ಆಚೆ ಈಚೆ ತೂಗಲಿಕ್ಕೆ ಶುರು. ಅವರು ಬ್ರೇಕ್ ತುಳಿಯದೆ ಆಕ್ಸಲರೇಟರ್ ಬಿಟ್ಟು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಿಡಿದರು. ಅಳಿಯ ಹೇಳಿಕೊಟ್ಟದ್ದು ನೆನಪಿತ್ತು. ಬಾರು ಕಳಚಿ ತೂಗಿದಾಗ ಟ್ರೇಲರ್ 1,710, ಮೂಕಿ ಭಾರ 150. ನೂರಕ್ಕೆ ಒಂಬತ್ತೂ ಇಲ್ಲ. ಬಾರನ್ನು ಎಷ್ಟು ಬಿಗಿದರೂ ಇದು ಸರಿಯಾಗುವಂಥದ್ದಲ್ಲ, ಸಾಮಾನು ಜರುಗಿಸಬೇಕು. ಸೈಕಲು ಪಿಕಪ್ಪಿನ ತೊಟ್ಟಿಗೆ ಬಂತು. ನೀರು ಈಗ ಹೋದಲ್ಲೇ ತುಂಬಿಸುತ್ತಾರೆ.

ಗೇಟಿನ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿ ಬಾರು ಕಳಚುವುದು ಈಗ ಅಭ್ಯಾಸ. ಜಾಕು, ಪಿನ್, ಚೈನು, ಐದು ನಿಮಿಷ. ಸಂಜೆ ದಣಿದು ಬಂದಾಗ ಯಜಮಾನರು ಗೊಣಗುತ್ತಾರೆ, ಆದರೆ ಇಳಿಯುತ್ತಾರೆ.

ಕಳೆದ ಸಲ ಮೈಸೂರಿಗೆ ಹೊರಡುವ ಮುಂಚೆ ವೇಬ್ರಿಡ್ಜಿಗೆ ಹೋದೆವು. ಹುಡುಗನಿಗೆ ಈಗ ಅಂಕಿ ಬಾಯಿಪಾಠ. "ಮುಂದೆ 1,110 ಅಲ್ವಾ ಅಣ್ಣಾ? ಇವತ್ತು 1,090 ತೋರಿಸ್ತಾ ಉಂಟು," ಎಂದ. ಇಳಿದು ಹಿಂದೆ ಹೋಗಿ ನೋಡಿದರೆ ಪಿಕಪ್ಪಿನ ಬಾಲದ ಬಾಗಿಲಿಗೆ ಒರಗಿಸಿ ಒಂದು ಗೋಣಿ ತೆಂಗಿನಕಾಯಿ. ಮಗಳ ಮನೆಗೆ. ಯಜಮಾನರು ಏನೂ ಮಾತಾಡದೆ ಗೋಣಿಯ ಒಂದು ಕಿವಿ ಹಿಡಿದರು, ನಾನು ಇನ್ನೊಂದು ಹಿಡಿದೆ. ಕ್ಯಾಬಿನ್ನಿನ ಹಿಂದಕ್ಕೇ ಒತ್ತಿ ಇಟ್ಟೆವು. 1,120.